ಬೆತ್ತದ ಮಾಮನ ದೀಕ್ಷಾಸ್ನಾನ

ಮಹಡಿಯ ಮೇಲಿನ ಹುಡುಗರು ಏನು ಮಾಡುತ್ತಿದ್ದಾರೆ ಎಂದು ತಿಳಿಯಲು ಬೆತ್ತದ ಮಾಮ ತಲೆಯೆತ್ತಬೇಕಾಗಿರಲಿಲ್ಲ. ಹಳೆಯ ಹಲಗೆಯ ಮಾಳಿಗೆ ಅದು, ಇರುವೆ ನಡೆದರೂ ಕೆಳಗೆ ಚಾಡಿ ಹೇಳುವಂಥದು. ಬೆಳಗ್ಗೆ ಗಡಿಯಾರ ಕಿರುಚಿದರೆ ಎದ್ದರು ಎಂದು ಅರ್ಥ. ಧಡಧಡ ಎಂದರೆ ವ್ಯಾಯಾಮ. ಮೊಣಕಾಲುಗಳು ಒಟ್ಟಿಗೆ ನೆಲ ಮುಟ್ಟಿದರೆ ಪ್ರಾರ್ಥನೆ. ಆಮೇಲೆ ಓದಿನ ಗುನುಗು, ಅದು ಮುಗಿದ ಮೇಲೆ ನಾಟಕ. ಒಬ್ಬ ಮನೆಯ ಯಜಮಾನನಾಗಿ ಇಲ್ಲದ ಬಾಗಿಲನ್ನು ತೆರೆಯುತ್ತಿದ್ದ, ಇನ್ನೊಬ್ಬ ಹೊರಗೆ ನಿಂತವನಂತೆ ನಮಸ್ಕಾರ ಹೇಳಿ ದೇವರ ಮಾತು ಶುರುಮಾಡುತ್ತಿದ್ದ. ದಿನವೂ ಇದು ಅವರ ತಾಲೀಮು. ಒಮ್ಮೆ ಆ ಯಜಮಾನ ಥೇಟ್ ತನ್ನಂತೆಯೇ ಕೆಮ್ಮಿ, ಥೇಟ್ ತನ್ನಂತೆಯೇ "ಏನ್ರಪ್ಪಾ, ಮತ್ತೆ ದೇವರಾ?" ಎಂದು ರಾಗ ಎಳೆದದ್ದು ಕೇಳಿ ಮಾಮ ಚಾಕು ಕೆಳಗಿಟ್ಟು ಒಬ್ಬನೇ ನಕ್ಕಿದ್ದ. ಆ ಮನೆಯಲ್ಲಿ ನಗು ಕೇಳಿ ಬಹಳ ಕಾಲವಾಗಿತ್ತು.

ಅವನು ಕುರ್ಚಿಗಳಿಗೆ ಬೆತ್ತ ಹೆಣೆಯುವವನು. ಬೀದಿಗೆ ತೆರೆದುಕೊಂಡ ಕೆಳಗಿನ ಕೋಣೆಯೇ ಅವನ ಕೆಲಸದ ಮನೆ. ಗೋಡೆಗೆ ಒರಗಿದ, ಹೊಟ್ಟೆ ತೂತಾದ ಕುರ್ಚಿಗಳು, ನೀರು ತುಂಬಿದ ಅಗಲ ತೊಟ್ಟಿಯಲ್ಲಿ ನೆನೆಯುವ ಬೆತ್ತದ ಸೀಳುಗಳು, ಕಿಟಕಿಯ ಹತ್ತಿರ ಎದುರುಬದುರಾಗಿ ಎರಡು ಮಣೆ. ಒಂದರಲ್ಲಿ ಅವನು ಕೂರುತ್ತಿದ್ದ, ಇನ್ನೊಂದು ಹೆಂಡತಿಯದು. ಸೀಟಿನ ನಡುವಿನ ಹೆಣಿಗೆ ಅವನ ಪಾಲು, ಅಂಚು ಕಟ್ಟುವುದು ಅವಳ ಪಾಲು. ಅವಳು ತೀರಿಕೊಂಡ ಮೇಲೆ ಅಂಚನ್ನೂ ಅವನೇ ಕಟ್ಟುತ್ತಿದ್ದ. ಕಟ್ಟಿ, ನೋಡಿ, ಬಿಚ್ಚಿ, ಮತ್ತೆ ಕಟ್ಟುತ್ತಿದ್ದ. ಮಕ್ಕಳಿರಲಿಲ್ಲ. ಮೇಲಿನ ಕೋಣೆಗಳು ಸುಮ್ಮನೆ ಧೂಳು ತಿನ್ನುವುದು ಬೇಡವೆಂದು ಮಾರ್ಮನ್ ಎಂಬ ಕ್ರೈಸ್ತ ಸಭೆಯವರಿಗೆ ಬಾಡಿಗೆಗೆ ಕೊಟ್ಟಿದ್ದ.

ಬಿಳಿ ಅಂಗಿ, ಟೈ, ಎದೆಯ ಮೇಲೆ ಹೆಸರಿನ ಕಪ್ಪು ಬಿಲ್ಲೆ. ದೂರದೇಶದಿಂದ ಧರ್ಮಪ್ರಚಾರಕ್ಕೆ ಎರಡು ವರ್ಷಕ್ಕೆಂದು ಬಂದ, ಮೀಸೆ ಸರಿಯಾಗಿ ಬಲಿಯದ ಹುಡುಗರು. ಯಾವಾಗಲೂ ಜೋಡಿ. ಕೆಲವು ತಿಂಗಳಿಗೊಮ್ಮೆ ಸಭೆಯ ಮೇಲಧಿಕಾರಿಗಳಿಂದ ವರ್ಗಾವಣೆಯ ಮಾತು ಬಂದರೆ ಒಬ್ಬ ಪೆಟ್ಟಿಗೆ ಕಟ್ಟುತ್ತಿದ್ದ, ಅವನ ಮಂಚಕ್ಕೆ ಇನ್ನೊಬ್ಬ ಬರುತ್ತಿದ್ದ. ಒಬ್ಬನನ್ನೇ ಬಿಟ್ಟು ಇನ್ನೊಬ್ಬ ಎಲ್ಲಿಗೂ ಹೋಗಕೂಡದು ಎಂಬುದು ಅವರ ಕಟ್ಟುನಿಟ್ಟು. ಒಬ್ಬ ಕಸದ ಬುಟ್ಟಿ ಹಿಡಿದು ಇಳಿದರೆ ಇನ್ನೊಬ್ಬ ಬರಿಗೈಯಲ್ಲಿ ಹಿಂದೆಯೇ ಇಳಿಯುತ್ತಿದ್ದ. ಗಂಡ ಹೆಂಡತಿಯೂ ಹೀಗೆ ಅಂಟಿಕೊಂಡಿರುವುದಿಲ್ಲ ಕಣ್ರೋ ಎಂದು ಮಾಮ ರೇಗಿಸುತ್ತಿದ್ದ.

ಈಗಿದ್ದ ಜೋಡಿಯಲ್ಲಿ ಹಿರಿಯವನು ತಾಳೆಮರದಷ್ಟು ಉದ್ದ. ಭಾಷೆಯೂ ಪಾಠವೂ ಅವನಿಗೆ ನೀರು ಕುಡಿದಷ್ಟು ಸಲೀಸು. ಕಿರಿಯವನು ಗುಂಗುರುಗೂದಲಿನವನು, ಹೊಸಬ, ಪ್ರತಿ ಮಾತನ್ನೂ ಕಲ್ಲು ಆರಿಸುವವನಂತೆ ಆರಿಸಿ ಆಡುತ್ತಿದ್ದ. ಮಾಮನಿಗೆ ಅವರು ಉದ್ದಪ್ಪ ಮತ್ತು ಗುಂಗುರಪ್ಪ. ಬೆಳಗಿನಿಂದ ಸಂಜೆಯವರೆಗೆ ಬೀದಿ ಬೀದಿ ಅಲೆದು ಬಾಗಿಲು ತಟ್ಟುವುದು ಅವರ ಕೆಲಸ. ಎಷ್ಟು ಬಾಗಿಲು ಮುಖಕ್ಕೆ ಬಡಿದವು ಎಂಬುದನ್ನು ಮೆಟ್ಟಿಲು ಹತ್ತುವ ಬೂಟುಗಳೇ ಹೇಳುತ್ತಿದ್ದವು. ಸೋಮವಾರ ಬಿಡುವು. ಅಂಗಿಗಳು ಹಗ್ಗದ ಮೇಲೆ ಏರುತ್ತಿದ್ದವು, ಅಂದೇ ಊರಿಗೆ ಫೋನು. ಗುಂಗುರಪ್ಪ ತಾಯಿಯ ಜೊತೆ ಗಟ್ಟಿಯಾಗಿ ನಗುನಗುತ್ತ ಮಾತಾಡಿ, ಫೋನಿಟ್ಟ ಮೇಲೆ ಬಹಳ ಹೊತ್ತು ಕೂತಲ್ಲೇ ಕೂತಿರುತ್ತಿದ್ದ. ಕೆಳಗೆ ಮಾಮನೂ ಆ ಹೊತ್ತು ಸುತ್ತಿಗೆ ಮುಟ್ಟುತ್ತಿರಲಿಲ್ಲ.

ಪಾಠ ಶುರುವಾದದ್ದು ಒಂದು ಕುರ್ಚಿಯಿಂದ. ಗುಂಗುರಪ್ಪ ಬಲ್ಬು ಬದಲಿಸಲು ಬೆತ್ತದ ಕುರ್ಚಿಯ ನಟ್ಟನಡುವೆ ಬೂಟುಗಾಲಲ್ಲಿ ಹತ್ತಿದ, ಸೊಂಟದವರೆಗೆ ಇಳಿದ. ಕುರ್ಚಿಯನ್ನು ತೊಟ್ಟುಕೊಂಡೇ ಕೆಳಗೆ ಬಂದವನನ್ನು ಮಾಮ ಕನ್ನಡಕದ ಮೇಲಿಂದ ನೋಡಿ, ಅಂಚು ಬಿಚ್ಚಿ ಬಿಡಿಸಿದ. ಸರಿಮಾಡುವವರೆಗೆ ಇಲ್ಲೇ ಕೂತು ದುಡಿಯಬೇಕು, ಈ ಕೋಣೆಯಲ್ಲಿ ಕೈಕಟ್ಟಿ ಕೂರುವವರಿಗೆ ಜಾಗವಿಲ್ಲ ಎಂದ. ಚೌಕಟ್ಟಿನ ತೂತಿನೊಳಗೆ ಸೀಳು ತೂರಿಸಿ ಎಳೆದು ಹಿಡಿದರೆ ಅದು ಸಡಿಲವಾಗದಂತೆ ಇನ್ನೊಬ್ಬರು ಆ ತೂತಿಗೆ ಸಿಕ್ಕಿಸಿದ ಸಣ್ಣ ಗೂಟವನ್ನು ಬೆರಳಲ್ಲಿ ಒತ್ತಿ ಹಿಡಿಯಬೇಕು. ಒತ್ತಿದವನು ಬಿಟ್ಟು ಏಳುವಂತಿಲ್ಲ. ಗೂಟ ಹಿಡಿದ ಬೆರಳು ಇವರದು, ಬಾಯಿಗೆ ಬಿಡುವು. ಉದ್ದಪ್ಪ ದೇವರ ಮಾತು ತೆಗೆದ. ಮಾಮನೂ ಏಳುವಂತಿರಲಿಲ್ಲ, ಅವನ ಕೈಯಲ್ಲಿ ಸೀಳಿತ್ತು.

ಆ ಮೇಲೆ ಅದೇ ರೂಢಿಯಾಯಿತು. ವಾರಕ್ಕೆರಡು ಸಂಜೆ ಅವರು ಅಂಗಿಯ ತೋಳು ಮಡಚಿ ಇಳಿದು ಬರುತ್ತಿದ್ದರು. ಉದ್ದಪ್ಪ ನಿಂತೇ ಪಾಠ ಹೇಳುತ್ತಿದ್ದ, ಗುಂಗುರಪ್ಪ ಖಾಲಿ ಮಣೆಯ ಮೇಲೆ ಕೂತು ಗೂಟ ಹಿಡಿಯುತ್ತಿದ್ದ. ಆ ಮಣೆಯ ಮೇಲೆ ಕೂರಬೇಡ ಎನ್ನಲು ಮಾಮ ಮೊದಲ ದಿನ ಬಾಯಿ ತೆರೆದಿದ್ದ; ಹುಡುಗ ಆಗಲೇ ಕೂತುಬಿಟ್ಟಿದ್ದ. ಪ್ರವಾದಿಗಳು, ಕಳೆದುಹೋದ ಗ್ರಂಥ, ಕಾಡಿನಲ್ಲಿ ಪ್ರಾರ್ಥಿಸಿದ ಬಾಲಕ, ಇವೆಲ್ಲ ಮಾಮನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಿದ್ದವು. ಹುಡುಗರ ಜೊತೆ ಇರಲಿ ಎಂದಷ್ಟೇ ಹೂಂಗುಟ್ಟುತ್ತಿದ್ದ. ಹಾಗಿದ್ದವನು ಒಂದು ಸಂಜೆ ತಟ್ಟನೆ ತಲೆಯೆತ್ತಿದ.

"ಏನಂದೆ?"

"ಕುಟುಂಬ ಸಾವಿಗೆ ಮುಗಿಯಲ್ಲ ಅಂದೆ ಮಾಮ," ಎಂದ ಉದ್ದಪ್ಪ. "ಗಂಡ ಹೆಂಡತಿ ಯಾವತ್ತಿಗೂ ಜೊತೆಗಿರಬಹುದು."

"ಒಬ್ಬರು ಮೊದಲೇ ಹೋಗಿಬಿಟ್ಟಿದ್ರೆ?"

"ಆಗಲೂ."

ಮಾಮ ಅದನ್ನೇ ಮಾತು ತಿರುಗಿಸಿ ತಿರುಗಿಸಿ ಕೇಳಿದ. ಉದ್ದಪ್ಪ ಬೇಸರಿಸದೆ ಅದನ್ನೇ ಹೇಳಿದ. ನೀವು ದೀಕ್ಷಾಸ್ನಾನ ಪಡೆದು ಸಭೆಗೆ ಸೇರಿದ ಮೇಲೆ, ಕಾಲ ಬಂದಾಗ, ನಮ್ಮ ದೇವಾಲಯದಲ್ಲಿ ನಿಮ್ಮಿಬ್ಬರನ್ನೂ ಎಂದೆಂದಿಗೂ ಬೆಸೆಯುವ ವಿಧಿಯಿದೆ, ಅವರು ಇಲ್ಲದಿದ್ದರೂ ಅವರ ಪರವಾಗಿ ಬೇರೊಬ್ಬರು ನಿಲ್ಲುತ್ತಾರೆ ಎಂದ. ಅಂದು ಮಾಮನ ಹೆಣಿಗೆಯಲ್ಲಿ ಸಾಲು ತಪ್ಪಿತು. ಬಿಚ್ಚಲೂ ಇಲ್ಲ.

ಮುಂದಿನ ಪಾಠಗಳಿಗೆ ಅವನೇ ಕಾಯತೊಡಗಿದ. ಬೂಟಿನ ಸದ್ದು ತಡವಾದರೆ ಬೀದಿಗೆ ಬಂದು ಮೂಲೆಯ ಔಷಧಿ ಅಂಗಡಿಯವರೆಗೂ ಇಣುಕುತ್ತಿದ್ದ. ಸಭೆಗೆ ಸೇರುವವರು ಚಹಾ ಬಿಡಬೇಕು ಎಂದರು, ಬಿಟ್ಟ. ಕೆಲವು ದಿನ ತಲೆ ಸಿಡಿದು, ಗಿರಾಕಿಗಳ ಮೇಲೆಲ್ಲ ಹರಿಹಾಯ್ದ. ಭಾನುವಾರ ಸಭೆಗೆ ಬನ್ನಿ ಎಂದರು. ಗಡ್ಡ ಹೆರೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತ. ಅಲ್ಲಿನ ಕುರ್ಚಿಗಳು ಪ್ಲಾಸ್ಟಿಕ್ಕಿನವು ಎಂಬುದೊಂದೇ ಅವನ ದೂರು. ಸ್ನಾನದ ದಿನ ನಿಗದಿಯಾಯಿತು. ಉಡಲು ಬಿಳಿಯ ಬಟ್ಟೆ ಬಂತು. ಅದನ್ನು ಉಟ್ಟು ಕನ್ನಡಿಯ ಮುಂದೆ ನಿಂತು, ಮದುವೆ ಗಂಡಿನ ಹಾಗೆ ಕಾಣ್ತೀನೇನ್ರೋ ಎಂದು ಕೇಳಿದಾಗ ಗುಂಗುರಪ್ಪ ಕೆಂಪಾಗಿ ನಕ್ಕ. ಇಡೀ ಊರಲ್ಲಿ ಅವರಿಗೆ ಬಾಗಿಲು ತೆರೆದದ್ದು ಇದೊಂದೇ.

ಈ ಸುದ್ದಿ ನಾದಿನಿಯ ಕಿವಿಗೆ ಬಿತ್ತು. ಹೆಂಡತಿಯ ತಂಗಿ ಆಕೆ. ಬಸ್ ಕಂಡಕ್ಟರಾಗಿದ್ದವಳು, ಕೆಲಸದಿಂದ ನಿವೃತ್ತಿಯಾದರೂ ಗಂಟಲಿಗೆ ನಿವೃತ್ತಿ ಸಿಕ್ಕಿರಲಿಲ್ಲ. ವಾರಕ್ಕೊಮ್ಮೆ ಬಂದು ಭಾವನ ಅಡುಗೆಮನೆ ತೊಳೆದು, ಭಾವನನ್ನೂ ಬಾಯಲ್ಲೇ ತೊಳೆದು ಹೋಗುವುದು ಅವಳ ಪದ್ಧತಿ.

"ಏನ್ ಭಾವ, ಈ ವಯಸ್ಸಲ್ಲಿ ನೀರಿಗೆ ಬೀಳ್ತೀರಂತೆ. ನಿಮಗೆ ಸ್ನಾನ ಮಾಡಿಸೋಕೆ ಅಕ್ಕ ಪಟ್ಟ ಪಾಡು ನಾನು ಕಂಡಿದ್ದೀನಿ. ಈ ಹುಡುಗರು ಗಟ್ಟಿಗರೇ ಸರಿ."

"ತಲೆ ಪೂರ್ತಿ ಮುಳುಗಿಸ್ತಾರಂತೆ ಕಣೇ."

"ಮುಳುಗಿಸಲಿ. ಎತ್ತೋದು ಮರೀದೇ ಇದ್ರೆ ಸಾಕು."

ಮಾಮ ನಕ್ಕ. ನಗುತ್ತಲೇ, ಅಲ್ಲಿ ನಿಮ್ಮಕ್ಕ ಸಿಗುತ್ತಾಳಂತೆ ಎಂದ. ಮಾತಿಗೆ ಮಾತು ಎಂದೂ ಬಾಕಿಯಿಡದ ನಾದಿನಿ ಚೀಲದೊಳಗೆ ಕೈಹಾಕಿ ಏನನ್ನೋ ಹುಡುಕಿದಳು, ಸಿಗಲಿಲ್ಲ, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.

ಸ್ನಾನಕ್ಕೆ ಕೆಲವೇ ದಿನವಿರುವಾಗ ಕೊನೆಯ ಪಾಠ. ಈ ಸಲ ಗುಂಗುರಪ್ಪ ಹೇಳಲಿ ಎಂದು ಉದ್ದಪ್ಪ ಗೂಟ ಹಿಡಿದು ಕೂತ. ಎರಡು ದಿನದಿಂದ ಮಾಳಿಗೆಯ ಮೇಲೆ ಆ ಪಾಠದ್ದೇ ತಾಲೀಮು ನಡೆದಿತ್ತು. ಹುಡುಗ ಎದ್ದು ನಿಂತು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡು, ಸತ್ತವರಿಗಾಗಿ ಮಾಡುವ ಸ್ನಾನದ ವಿಷಯ ಹೇಳಿದ. ಬದುಕಿರುವ ಹೆಂಗಸೊಬ್ಬಳು ಅತ್ತೆಯ ಪರವಾಗಿ ನೀರಿಗಿಳಿಯುತ್ತಾಳೆ ಎಂದ. ಮಾಮನ ಹೆಂಡತಿಯನ್ನು ಅವನು ಎಂದೂ ಕಂಡವನಲ್ಲ, ಆದರೂ ಅತ್ತೆ ಎನ್ನುತ್ತಿದ್ದ. ಮಾಮ ತಲೆದೂಗುತ್ತ ಸೀಳು ಎಳೆಯುತ್ತಿದ್ದ. ಹುಡುಗನಿಗೆ ಧೈರ್ಯ ಬಂತು. ಕಲಿತದ್ದರಲ್ಲಿ ತನಗೆ ಎಲ್ಲಕ್ಕಿಂತ ಹಿಡಿಸಿದ ಮಾತನ್ನು ಅವನು ಕೊನೆಗೆಂದು ಉಳಿಸಿಕೊಂಡಿದ್ದ.

"ಅಲ್ಲಿ ಯಾರಿಗೂ ಬಲವಂತ ಇಲ್ಲ ಮಾಮ. ಅತ್ತೆಯನ್ನ ಕೇಳ್ತಾರೆ. ಅವರು ಹೂಂ ಅನ್ನಬಹುದು, ಬೇಡ ಅನ್ನಬಹುದು. ಸತ್ತವರ ಮನಸ್ಸಿಗೂ ದೇವರು ಮರ್ಯಾದೆ ಕೊಡ್ತಾನೆ."

ಮಾಮನ ಕೈ ನಿಂತಿತು.

"ಬೇಡ ಅನ್ನಬಹುದಾ?"

"ಅನ್ನಬಹುದು. ಆದ್ರೆ ಯಾಕೆ ಅಂತಾರೆ?" ಎಂದು ಹುಡುಗ ನಕ್ಕ.

ಮಾಮ ಸೀಳನ್ನು ಬಿಟ್ಟ. ಎಳೆದು ಹಿಡಿದಿದ್ದ ಸಾಲು ಮೆಲ್ಲಗೆ ಸಡಿಲವಾಯಿತು. ಇವತ್ತಿಗೆ ಸಾಕು, ಬೆಳಕು ಕಡಿಮೆಯಾಯಿತು ಎಂದ. ಕಿಟಕಿಯ ತುಂಬ ಇನ್ನೂ ಬಿಸಿಲಿತ್ತು. ಉದ್ದಪ್ಪ ಹೊರಗೆ ಬಂದು ಸಂಗಡಿಗನ ಬೆನ್ನು ತಟ್ಟಿ, ಪಾಠ ಚೆನ್ನಾಗಿ ಹೇಳಿದೆ ಎಂದದ್ದು ಒಳಗಿನವರೆಗೂ ಕೇಳಿಸಿತು.

ಆ ಗಂಡಹೆಂಡಿರಲ್ಲಿ ಜಗಳವಾದರೆ ಕೂಗಾಟವಿರುತ್ತಿರಲಿಲ್ಲ. ಮಾತು ನಿಲ್ಲುತ್ತಿತ್ತು, ಕೆಲಸ ನಿಲ್ಲುತ್ತಿರಲಿಲ್ಲ. ಎದುರುಬದುರು ಮಣೆಗಳ ಮೇಲೆ ಕೂತು ಅವನು ಹೆಣೆದು ತಳ್ಳುತ್ತಿದ್ದ, ಅವಳು ಅಂಚು ಕಟ್ಟಿ ತಳ್ಳುತ್ತಿದ್ದಳು. ಯಾರು ಮೊದಲು ಬಾಯಿ ಬಿಟ್ಟರೋ ಅವರು ಸೋತಂತೆ. ಪ್ರತಿ ಸಲವೂ ಸೋಲುತ್ತಿದ್ದವಳು ಅವಳೇ. ನಾಲ್ಕೈದು ದಿನ ಕಳೆದ ಮೇಲೆ, ಸೀಳು ಒಣಗುತ್ತಿದೆ ನೋಡಿ ಎಂದೋ, ಕತ್ತರಿ ಎಲ್ಲಿಟ್ಟಿರಿ ಎಂದೋ ಒಂದು ಮಾತು ಎಸೆಯುತ್ತಿದ್ದಳು. ಅಲ್ಲಿಗೆ ಮುಗಿಯಿತು. ಅದನ್ನು ಮಾಮ ತನ್ನ ಗಂಡಸುತನದ ಗೆಲುವೆಂದೇ ತಿಳಿದಿದ್ದ. ಮಾತು ಎಸೆಯುವುದಕ್ಕೂ ಒಂದು ಗಟ್ಟಿತನ ಬೇಕು ಎಂಬುದು ಹೊಳೆದಿರಲಿಲ್ಲ.

ಕೊನೆಯ ಜಗಳ ಸಮುದ್ರಕ್ಕಾಗಿ ನಡೆದದ್ದು. ಅವಳು ಸಮುದ್ರ ಕಂಡಿರಲಿಲ್ಲ. ಅಂಚು ಕಟ್ಟಿ ಕಟ್ಟಿ ಕಣ್ಣು ಮಂಜಾಗುತ್ತಿತ್ತು. ಪೂರ್ತಿ ಮಂಜಾಗುವ ಮೊದಲು ಅಂಗಡಿ ಮುಚ್ಚಿ ಒಮ್ಮೆ ಹೋಗಿಬರೋಣ ಎಂದು ವರ್ಷಗಟ್ಟಲೆ ಕೇಳಿ ಅವನಿಂದ ಹೂಂ ಅನ್ನಿಸಿಕೊಂಡಿದ್ದಳು. ಹೊರಡುವ ವಾರದಲ್ಲಿ ಹಳೆಯ ನಾಟಕಶಾಲೆಯವರು ಬಂದರು, ಸಭಾಂಗಣದ ಕುರ್ಚಿಗಳನ್ನೆಲ್ಲ ಹೊಸದಾಗಿ ಹೆಣೆದುಕೊಡಬೇಕು ಎಂದರು. ಮಾಮ ಅವಳನ್ನು ಒಂದು ಮಾತು ಕೇಳದೆ ಒಪ್ಪಿಕೊಂಡ. ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ ಎಂದೂ ಸೇರಿಸಿದ.

ಅವಳು ಮಾತು ನಿಲ್ಲಿಸಿದಳು. ನಾಲ್ಕೈದು ದಿನ ಹೋಗಿ ವಾರಗಳಾದವು. ಕುರ್ಚಿಯ ಮೇಲೆ ಕುರ್ಚಿ ಬಂತು, ಒಂದರ ಅಂಚೂ ಸೊಟ್ಟವಾಗಲಿಲ್ಲ, ಮಾತು ಮಾತ್ರ ಬರಲಿಲ್ಲ. ಎಷ್ಟು ದಿನ ಬಿಗಿಯುತ್ತಾಳೆ ನೋಡೋಣ ಎಂದು ಇವನೂ ಬಿಗಿದ. ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಕುಸಿದಳು. ಆಸ್ಪತ್ರೆಯಲ್ಲಿ ಒಂದು ಹಗಲು ಎಚ್ಚರವಿದ್ದಳು. ಮಂಚದ ಪಕ್ಕದ ಕುರ್ಚಿಯಲ್ಲಿ ಮಾಮ ಕೂತಿದ್ದ. ಏನಾದರೂ ಮಾತಾಡಿಸಿ ಎಂದು ನರ್ಸಮ್ಮ ಹೇಳಿದಾಗ, ಅವಳಿಗೆ ಮಾತಾಡಲು ಆಗುತ್ತಿಲ್ಲ ಎಂದ. ಹಾಗೆಂದು ಅವನು ನಿಜಕ್ಕೂ ನಂಬಿದ್ದ. ಆಗ ನಾದಿನಿ ಬಂದಳು. ಅಲ್ಲಿಯವರೆಗೆ ಗೋಡೆಯ ಕಡೆ ತಿರುಗಿ ಮಲಗಿದ್ದ ಹೆಂಡತಿ ಇತ್ತ ತಿರುಗಿ, ನೀರು ಕೊಡೇ ಎಂದಳು. ನಿನ್ನ ಮಕ್ಕಳು ಹೇಗಿದ್ದಾರೆ ಎಂದು ಕೇಳಿದಳು. ಮಾಮ ಎದ್ದು ಬಾಗಿಲಾಚೆ ಹೋಗಿ ನಿಂತ. ಅಕ್ಕತಂಗಿಯರ ಪಿಸುಮಾತು ಕೇಳಿಸುತ್ತಿತ್ತು, ಏನೆಂದು ಕೇಳಿಸಲಿಲ್ಲ. ಸಂಜೆಗೆ ಎಲ್ಲ ಮುಗಿಯಿತು.

ಬೇಡ ಅನ್ನಬಹುದು ಎಂದ ಹುಡುಗನ ಮಾತು ಹೋಗಿ ಚುಚ್ಚಿದ್ದು ಇಲ್ಲಿಗೆ.

ಕೊನೆಯ ಪಾಠದ ವಾರ ನಾದಿನಿ ಬಂದಾಗ ಮಾಮ ಅಡುಗೆಮನೆಯ ಬಾಗಿಲಲ್ಲಿ ನಿಂತ. ಅವಳು ಪಾತ್ರೆ ಉಜ್ಜುತ್ತ, ಬಿಳಿ ಬಟ್ಟೆಯಲ್ಲಿ ಮುಳುಗಿದರೆ ಮೈಯೆಲ್ಲ ಕಾಣುತ್ತದೆ, ಒಳಗೆ ಏನಾದರೂ ಹಾಕಿಕೊಳ್ಳಿ ಎಂದೆಲ್ಲ ಹೇಳುತ್ತಿದ್ದಳು.

"ಒಂದು ಕೇಳ್ತೀನಿ," ಎಂದ ಮಾಮ. "ಅವತ್ತು ಆಸ್ಪತ್ರೆಯಲ್ಲಿ ಅವಳು ನನ್ನ ವಿಷಯ ಏನಾದ್ರೂ ಅಂದಳಾ?"

ಇಷ್ಟು ವರ್ಷದಲ್ಲಿ ಅವನು ಅದನ್ನು ಕೇಳಿದ್ದು ಅದೇ ಮೊದಲು. ಉಜ್ಜುತ್ತಿದ್ದ ಕೈ ಉಜ್ಜುತ್ತಲೇ ಇತ್ತು, ಅದೇ ಪಾತ್ರೆಯನ್ನು, ಅದೇ ಜಾಗದಲ್ಲಿ.

"ಅಂದ್ಲು ಭಾವ," ಎಂದಳು ನಾದಿನಿ. "ಅವರ ಊಟ ಆಯ್ತಾ ನೋಡು ಅಂದ್ಲು."

ಎಷ್ಟು ಮೆತ್ತಗೆ ಅಂದಳು! ಇಡೀ ಬಸ್ಸನ್ನು ಗದರಿಸಿ ಮುಂದೆ ಸರಿಸುತ್ತಿದ್ದ ಗಂಟಲು. ಅಕ್ಕನ ಶವದ ಮುಂದೆಯೂ ಇವನೊಡನೆ ಒಂದು ಒಳ್ಳೆಯ ಮಾತಾಡಿರಲಿಲ್ಲ. ಆ ದನಿಯಲ್ಲಿ ಅಷ್ಟು ಅಕ್ಕರೆ ಕೇಳಿದ ಕ್ಷಣವೇ ಮಾಮನಿಗೆ ಗೊತ್ತಾಯಿತು, ಅದು ಸುಳ್ಳು. ಹೂಂ ಎಂದು ತಲೆಯಾಡಿಸಿ ಅವನು ಕೆಲಸದ ಮನೆಗೆ ನಡೆದ.

ಸ್ನಾನದ ಹಿಂದಿನ ಸಂಜೆ ಹುಡುಗರು ಇಳಿದು ಬಂದರು. ಸಭಾಮಂದಿರದ ತೊಟ್ಟಿ ತೊಳೆದಾಯಿತು, ನಾಳೆ ಬೆಳಗ್ಗೆ ನೀರು ಬಿಡುತ್ತೇವೆ, ನಿಮಗೆ ಶೀತವಾಗದ ಹಾಗೆ ಬಿಸಿನೀರೂ ಬೆರೆಸುತ್ತೇವೆ ಎಂದು ಹೇಳುತ್ತ ಒಳಬಂದವರು ಬಾಗಿಲಲ್ಲೇ ನಿಂತರು. ಮಾಮ ಮಣೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಬಿಳಿಯ ಬಟ್ಟೆ ಮಡಿಸಿ ಬಾಗಿಲ ಬಳಿಯ ಕುರ್ಚಿಯ ಮೇಲಿತ್ತು.

ಉದ್ದಪ್ಪ ಗಾಬರಿಯಾದರೂ ತೋರಗೊಡಲಿಲ್ಲ. ಇಂಥ ಹೊತ್ತಿನಲ್ಲಿ ಮನಸ್ಸು ಹಿಂಜರಿಯುವುದು ಸಹಜ ಎಂದ. ಒಂದು ಲೋಟ ಚಹಾದಿಂದ ಏನೂ ಕೆಡಲಿಲ್ಲ, ಪಶ್ಚಾತ್ತಾಪಕ್ಕೆ ದಾರಿಯಿದೆ ಎಂದು ಪುಸ್ತಕ ತೆರೆದು ಹಾಳೆ ತಿರುವಿದ. ನಮ್ಮ ಮಾತಿನಲ್ಲಿ ನಂಬಿಕೆ ಹೋಯಿತೇ ಮಾಮ ಎಂದು ಕೇಳಿದ.

"ನಂಬಿಕೆ ಇದೆ ಕಣೋ. ಇರೋದಕ್ಕೇ ಬೇಡ ಅಂತಿರೋದು."

ಆಮೇಲೆ ಅವನು ಸಮುದ್ರದ ಕಥೆ ಹೇಳಿದ. ಯಾರಿಗೂ ಹೇಳದ್ದನ್ನು, ತನ್ನ ಭಾಷೆಯನ್ನು ಇತ್ತೀಚೆಗಷ್ಟೇ ಕಲಿತ ಪರದೇಶದ ಹುಡುಗರಿಗೆ, ಲೋಟದೊಳಗೆ ನೋಡುತ್ತ ಹೇಳಿದ. ಉದ್ದಪ್ಪನ ಪುಸ್ತಕ ತೆರೆದೇ ಇತ್ತು. ಅತ್ತೆ ಖಂಡಿತ ಕ್ಷಮಿಸಿರುತ್ತಾರೆ ಎಂದು ಅವನು ಬಾಯಿ ತೆರೆದಾಗ ಗುಂಗುರಪ್ಪ ಅವನ ತೋಳು ಹಿಡಿದ. ಪಾಠದ ನಡುವೆ ಅವನು ಹಿರಿಯನನ್ನು ತಡೆದದ್ದು ಅದೇ ಮೊದಲು.

"ಈಗ ನಾನು ಅವಳನ್ನ ಕೇಳಿಲ್ಲ, ಅವಳು ಬೇಡ ಅಂದಿಲ್ಲ," ಎಂದ ಮಾಮ. "ಅಷ್ಟರಲ್ಲೇ ಬದುಕಿದ್ದೀನಿ. ನಾನು ಸೇರಿದ್ರೆ ಮುಂದೆ ನೀವು ಯಾರನ್ನೋ ಅವಳ ಪರವಾಗಿ ನೀರಿಗಿಳಿಸ್ತೀರಿ. ಅಲ್ಲಿ ಅವಳನ್ನ ಕೇಳ್ತಾರೆ. ಅವಳು ಗೋಡೆ ಕಡೆ ತಿರುಗಿದ್ರೆ?"

"ನಾನು... ನಾನು ಆ ಮಾತು ಹೇಳಬಾರದಿತ್ತು ಮಾಮ," ಎಂದ ಗುಂಗುರಪ್ಪ.

"ನಿಜ ಹೇಳಿದೆ. ನಿಜ ಹೇಳೋಕೆ ತಾನೇ ಅಷ್ಟು ದೂರದಿಂದ ಬಂದಿರೋದು." ಮಾಮ ಲೋಟ ಕೆಳಗಿಟ್ಟ. "ನನಗೆ ಒಂದು ಮಾತು ಕೊಡು. ನಾನು ಸತ್ತ ಮೇಲೂ ನಿಮ್ಮವರು ಯಾರೂ ಅವಳನ್ನ ಕೇಳಕೂಡದು."

ಹುಡುಗ ಸಂಗಡಿಗನ ಕಡೆ ನೋಡಿದ. ಸತ್ತವರನ್ನು ಕೇಳುವುದೇ ಅವರಿಗೆ ಪುಣ್ಯದ ಕೆಲಸ. ಕೇಳದೆ ಬಿಡುವುದೆಂದರೆ ಬಾಗಿಲ ಹೊರಗೆ ನಿಲ್ಲಿಸಿದಂತೆ ಎಂದು ಅವನು ಮನಸಾರೆ ನಂಬಿದ್ದ. ಅದನ್ನು ಹಂಚಲೆಂದೇ ತಾಯಿಯನ್ನು ಬಿಟ್ಟು ಬಂದಿದ್ದ. ಕೊನೆಗೆ ಸಂಗಡಿಗನತ್ತ ನೋಡದೆ, ಕೊಟ್ಟೆ ಎಂದ. ಎಂದವನು ಅಳತೊಡಗಿದ. ಮಾಮ ಅವನ ಗುಂಗುರು ತಲೆಯ ಮೇಲೆ ಕೈಯಿಟ್ಟು, ಸಾಕು ಬಿಡೋ, ನೀನೇನು ಮಾಡಿದೆ ಎಂದ. ಬಿಳಿಯ ಬಟ್ಟೆಯನ್ನು ಉದ್ದಪ್ಪ ಎತ್ತಿಕೊಂಡು ಹೋದ. ಸಭೆಯಲ್ಲಿ ಏನು ಹೇಳಿದರೋ, ಹಿರಿಯರು ಯಾರೂ ಮಾಮನನ್ನು ಕೇಳಲು ಬರಲಿಲ್ಲ.

ಮುಂದಿನ ವರ್ಗಾವಣೆಯಲ್ಲಿ ಗುಂಗುರಪ್ಪನ ಸರದಿ ಬಂತು. ವಿದಾಯ ಹೇಳಲು ಪೆಟ್ಟಿಗೆ ಹಿಡಿದು ಇಳಿದು ಬಂದ ಹುಡುಗ ಈಗ ಮಾತುಗಳನ್ನು ಆರಿಸದೆ ಸಲೀಸಾಗಿ ಆಡುತ್ತಿದ್ದ. ಹೋಗುವ ಊರು ಎಲ್ಲಿದೆ ಎಂದು ಮಾಮ ಕೇಳಿದ. ಸಮುದ್ರದ ದಡದಲ್ಲಿ ಎಂದು ಹೇಳುವಾಗ ಹುಡುಗನ ಮುಖ ಬಾಡಿತು. ಒಳ್ಳೆ ಗಾಳಿ ಇರುತ್ತೆ, ಕೊರಳಿಗೆ ಏನಾದರೂ ಸುತ್ತಿಕೊ ಎಂದ ಮಾಮ. ಬಸ್ಸು ನಿಲ್ಲುವ ಮೂಲೆಯವರೆಗೆ ಪೆಟ್ಟಿಗೆಯ ಒಂದು ಕಿವಿ ತಾನೇ ಹಿಡಿದು ನಡೆದ. ಬಸ್ಸು ಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ.

ಆ ವಾರವೂ ನಾದಿನಿ ಬಂದಳು. ಸ್ನಾನ ನಡೆಯಲಿಲ್ಲವೆಂದು ಅವಳಿಗೆ ಆಗಲೇ ಗೊತ್ತಿತ್ತು. ಏಕೆಂದು ಬಂದಾಗಲೆಲ್ಲ ಕೇಳಬೇಕೆಂದುಕೊಂಡು ಪಾತ್ರೆ ತೊಳೆದು ಹೋಗುತ್ತಿದ್ದಳು. ಅಂದು ಅಡುಗೆಮನೆಗೆ ಹೋಗದೆ ಕೆಲಸದ ಮನೆಯಲ್ಲೇ ನಿಂತಳು. ಮಾಮ ಒಂದು ಸೀಟಿನ ಅಂಚು ಕಟ್ಟುತ್ತಿದ್ದ.

"ಭಾವ," ಎಂದಳು. "ಅವತ್ತು ನೀವು ಕೇಳಿದ್ದಕ್ಕೆ ನಾನು ಹೇಳಿದ್ದು... ಅಕ್ಕ ನಿಜವಾಗಿ ಅಂದಿದ್ದು ಏನು ಅಂದ್ರೆ..."

ಮಾಮ ತಲೆಯೆತ್ತಿದ. ಅವಳ ಕಣ್ಣು ತುಂಬಿತ್ತು. ಬರಲಿರುವುದು ಒಳ್ಳೆಯ ಮಾತೋ ಕೆಟ್ಟ ಮಾತೋ ಆ ಮುಖದಿಂದ ತಿಳಿಯುವಂತಿರಲಿಲ್ಲ. ತಿಳಿಯುವ ಮೊದಲೇ ಅವನು ಕೈಯೆತ್ತಿ ತಡೆದ.

"ಬೇಡ. ನೀನು ಹೇಳಿದ್ದೇ ಇರಲಿ."

"ಆದ್ರೆ ಭಾವ..."

"ಅದನ್ನೇ ದಿನಾ ನಂಬೋಕೆ ನೋಡ್ತಿದ್ದೀನಿ ಕಣೇ," ಎಂದ ಮಾಮ. "ಅಡ್ಡ ಬರಬೇಡ."

ನಾದಿನಿ ಸೆರಗಿನಿಂದ ಮೂಗೊರಸಿಕೊಂಡಳು. ಅವನು ಮತ್ತೆ ಬಾಗಿ ಬಿಟ್ಟಲ್ಲಿಂದ ಅಂಚು ಹಿಡಿದ. ಸಂಜೆಯ ಬಸ್ಸು ಬರುವವರೆಗೂ ಅವಳು ಬಾಗಿಲ ಬಳಿ ಕೂತೇ ಇದ್ದಳು.